ಪದ್ಮನಾಭರಾಯರ ಕಾರು ಕೈಕೊಟ್ಟದ್ದೇಕೆ?

ಕೆಲವು ಕಾರುಗಳು ದಾರಿಯಲ್ಲಿ ಮುನಿಸಿಕೊಳ್ಳುತ್ತವೆ, ಮೆಕ್ಯಾನಿಕ್ ಮುಂದೆ ಮಾತ್ರ ಬಲು ಸಂಭಾವಿತರಂತೆ ಓಡುತ್ತವೆ. ಪೋರೂರಿನ ಭೀಮಾಬಾಯಿಯವರ ಮನೆಯ ಹಳೆಯ ಬಿಳಿ ಕಾರೂ ಇದೇ ಆಟ ಆಡುತ್ತಿತ್ತು.

ಅದು ಅವರ ಯಜಮಾನರಾದ ಪದ್ಮನಾಭರಾಯರು ಕೊಂಡ ಕಾರು. ನೆಂಟರು ಬಂದರೆಂದರೆ ಎಗ್ಮೋರ್ ಸ್ಟೇಷನ್ನಿಗೆ ಅದೇ ಹೋಗಬೇಕು. ಬರುವಾಗ ಹಿಂದಿನ ಸೀಟಿನ ತುಂಬ ಜನ, ಅವರ ತೊಡೆಯ ಮೇಲೆ ಮಕ್ಕಳು, ನಗುವೋ ನಗು. ರಾಯರು ತೀರಿಕೊಂಡ ಮೇಲೂ ಭೀಮಾಬಾಯಿ ಮುಂದಿನ ಎಡ ಸೀಟು ಬಿಟ್ಟುಕೊಡಲಿಲ್ಲ. ಅಲ್ಲಿ ಕೂತರೆ ರಾಯರು ಪಕ್ಕದಲ್ಲೇ ಇದ್ದಾರೆ ಅನ್ನಿಸುತ್ತಿತ್ತು.

ಕಳೆದ ವಾರ ನಡುರಸ್ತೆಯಲ್ಲಿ ದೀಪಗಳೆಲ್ಲ ಆರಿ ಕಾರು ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದ ಬಸ್ಸು ಕೂದಲೆಳೆಯ ಅಂತರದಲ್ಲಿ ನಿಂತಿತು. ಆಮೇಲೆ ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಮಗ ತಿರುಮಲ ಹೆದರಿ, ಅದನ್ನು ಮಾರಿಬಿಡುವುದೆಂದು ನಿಶ್ಚಯಿಸಿದ. ಕೊಳ್ಳುವವರು ಭಾನುವಾರ ಸಂಜೆ ಬರುವುದಿತ್ತು. ಭೀಮಾಬಾಯಿಗೆ ಊಟ ಸೇರದಾಯಿತು.

ಭಾನುವಾರ ಬೆಳಿಗ್ಗೆ ಎದುರುಮನೆಯ ಚಂದ್ರಮತಿ ಬಂದರು. ಮೈಸೂರು ಕಡೆಯವರು, ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುವವರು.

“ಪೋದುಂ ಆಂಟಿ, ಸಾಕಾಯ್ತು,” ಎಂದ ತಿರುಮಲ. “ಬ್ಯಾಟರಿ ಚೇಂಜ್ ಮಾಡಿ ಆಯ್ತು, ಸ್ವಿಚ್ ಚೇಂಜ್ ಮಾಡಿ ಆಯ್ತು. ಇದಕ್ಕೆ ಶನಿ ಹಿಡ್ದಿದೆ.”

“ಯಾವಾಗಪ್ಪ ಕೈಕೊಡೋದು?”

“ಯಾವಾಗ ಬೇಕಾದ್ರೂ.”

“ಹಂಗಂದ್ರೆ ಹೆಂಗೆ? ಮಳೇಲೋ, ಬಿಸಿಲಲ್ಲೋ, ಲೈಟ್ ಹಾಕ್ದಾಗ್ಲೋ? ಏನು ನೋವು ಅಂತ ಕೇಳ್ದೇನೇ ಮಾತ್ರೆ ನುಂಗಿಸ್ತಿದ್ದೀಯಲ್ಲ!”

ಭೀಮಾಬಾಯಿ ಮೆಲ್ಲನೆ ಬಾಯಿಬಿಟ್ಟರು.

“ನಂಗೊತ್ತು ಚಂದ್ರಮತಿ. ಸ್ಪೀಡ್‌ಬ್ರೇಕರ್ ಹತ್ತಿ ಇಳಿದಾಗ ಮಾತ್ರ. ಬಸ್ ಬಂದ ದಿನಾನೂ ಹಾಗೇ, ಅದಕ್ ಮುಂಚೆ ಕೆರೆ ರೋಡಲ್ಲೂ ಹಾಗೇ.”

“ನೋಡಿದ್ಯಾ? ಕುಲುಕಿದ್ರೆ ಕರೆಂಟ್ ಹೋಗುತ್ತೆ ಅಂದ್ರೆ ಎಲ್ಲೋ ಸಡಿಲ ಇದೆ.”

ಚಂದ್ರಮತಿ ಎಂಜಿನ್ ಆಫ್ ಮಾಡಿಸಿ, ಕೀಲಿ ತೆಗೆಸಿ ಬಾನೆಟ್ ಎತ್ತಿಸಿದರು. ಬ್ಯಾಟರಿ ಕಡೆ ವೈರುಗಳು ಬಿಗಿಯಾಗಿದ್ದವು. ನೆಗೆಟಿವ್ ವೈರಿನ ಇನ್ನೊಂದು ತುದಿ ಕಾರಿನ ಮೈಗೆ ಸೇರುವ ಬೋಲ್ಟಿನ ಮೇಲೆ ಮಾತ್ರ ಗಂಧ, ಕುಂಕುಮ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೊದಲು ಬ್ಯಾಟರಿಯಿಂದ ನೆಗೆಟಿವ್ ವೈರು ಬಿಡಿಸಿ, ಆಮೇಲೆ ಬೋಲ್ಟ್ ತಿರುಗಿಸಿದರು. ತೇವ ನಿಂತು ಅಡಿಯೆಲ್ಲ ತುಕ್ಕು; ಕುಲುಕಿದರೆ ಅಲ್ಲೇ ಕರೆಂಟ್ ತಪ್ಪುತ್ತಿತ್ತು.

“ಇದೇನು ಭೀಮಾಬಾಯಿಯವ್ರೇ?”

“ಆಯುಧಪೂಜೆ ಗಂಧ. ಅವ್ರು ಎಂಜಿನ್ನಿಗೂ ಹಚ್ತಿದ್ರು, ನೀರು ಪ್ರೋಕ್ಷಣೆ ಮಾಡ್ತಿದ್ರು. ನಾವೂ ಬಿಟ್ಟಿಲ್ಲ.” ಭೀಮಾಬಾಯಿ ಮಗನ ಕಡೆ ತಿರುಗಿದರು. “ಆದ್ರೆ ಮಾರನೇ ದಿನ ಹಳೇ ಪಂಚೆ ತುಂಡು ತಗೊಂಡು ಎಲ್ಲಾನೂ ಒರೆಸ್ತಿದ್ರು ಕಣೋ ತಿರುಮಲಾ. ನಾವು ಅದನ್ನ ಮರ್ತೇಬಿಟ್ವಿ.”

ತಿರುಮಲ ತಾನೇ ಸ್ಯಾಂಡ್‌ಪೇಪರ್ ಹಿಡಿದು ತುಕ್ಕು ಉಜ್ಜಿದ, ಬೋಲ್ಟ್ ಬಿಗಿದ, ಬ್ಯಾಟರಿಯ ವೈರನ್ನು ಕೊನೆಗೆ ಸೇರಿಸಿದ. ಅಮ್ಮನನ್ನು ಎಡ ಸೀಟಿನಲ್ಲಿ ಕೂರಿಸಿಕೊಂಡು ಅದೇ ಸ್ಪೀಡ್‌ಬ್ರೇಕರ್ ಮೇಲೆ ಮತ್ತೆ ಮತ್ತೆ ಓಡಿಸಿದ. ದೀಪ ಮಿಣುಕಲಿಲ್ಲ.

“ಈಗ್ಲೇ ಬೀಗಬೇಡ,” ಎಂದರು ಹಿಂದಿನ ಸೀಟಿನಲ್ಲಿದ್ದ ಚಂದ್ರಮತಿ. “ಒಂದು ವಾರ ಇಲ್ಲೇ ಸುತ್ತಮುತ್ತ ಓಡ್ಸಿ ನೋಡು.”

ಅಷ್ಟರಲ್ಲಿ ಕೊಳ್ಳುವವರ ಫೋನು ಬಂತು. ತಿರುಮಲ ಪಕ್ಕಕ್ಕೆ ನೋಡಿದ. “ಇಲ್ಲ ಸಾರ್, ಕಾರು ಕೊಡಲ್ಲ. ಅಮ್ಮ ಅದ್ರಲ್ಲಿ ಕೂತಿದಾರೆ.”

ಓದುಗರೇ, ನಿಮ್ಮ ಕಾರೂ ಆಗಾಗ ಹೀಗೆ ಮಾಡುತ್ತಿದ್ದರೆ ಒಂದೊಂದೇ ಭಾಗ ಬದಲಿಸುತ್ತಾ ಹೋಗಬೇಡಿ. ಯಾವಾಗ, ಎಲ್ಲಿ, ಏನು ಮಾಡುವಾಗ ಕೈಕೊಡುತ್ತದೆ ಎಂದು ಗಮನಿಸಿ ಮೆಕ್ಯಾನಿಕ್‌ಗೆ ಹೇಳಿ. ನಡುರಸ್ತೆಯಲ್ಲಿ ನಿಲ್ಲುವ ಕಾರನ್ನು ಪರೀಕ್ಷೆ ಮಾಡಿಸದೆ ದೂರ ಒಯ್ಯಬೇಡಿ. ಫ್ಯೂಸ್ ಹೋದರೆ ಅದೇ ಆಂಪಿಯರಿನದನ್ನೇ ಹಾಕಿಸಿ. ಹೆಚ್ಚು ಆಂಪಿಯರಿನದು ಹಾಕಿದರೆ ವೈರು ಹೊತ್ತಿಕೊಳ್ಳಬಹುದು. ಹೊಸ ಕಾರಾದರೆ ವೈರಿಗೆ ನೀವಾಗಿ ಕೈಹಾಕದೆ ತಿಳಿದವರಿಗೆ ತೋರಿಸಿ. ಆಯುಧಪೂಜೆ ಖಂಡಿತ ಮಾಡಿ. ಮನೆಯ ಹಿರಿಯರು ಹೇಗೆ ಪೂಜೆ ಮಾಡುತ್ತಿದ್ದರೆಂದು ನಿಮಗೆ ನೆನಪಿದೆ. ಮಾರನೆಯ ದಿನ ಅವರು ಏನು ಮಾಡುತ್ತಿದ್ದರು ಎಂಬುದನ್ನೂ ನೆನಪು ಮಾಡಿಕೊಳ್ಳಿ.