ಮೂವತ್ತೆಂಟು ಕಿಲೋಮೀಟರ್

ನಾನು ತಕ್ಕಡಿ ರಿಪೇರಿ ಮಾಡುವವನು. ಒಂದು ಗ್ರಾಮ್ ಆಚೀಚೆ ಆದರೂ ತಲೆ ಕೆಡುತ್ತದೆ. ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಆ ಹುಚ್ಚು ಅದಕ್ಕೂ ಹತ್ತಿತು. ಬ್ಯಾಟರಿ ಬಾಳಿಕೆ ಬರಲಿ ಎಂದು ಶೇಕಡಾ ಎಂಬತ್ತರ ಮೇಲೆ ಚಾರ್ಜ್ ಮಾಡುತ್ತಿರಲಿಲ್ಲ. ಎ.ಸಿ. ಮುಟ್ಟುತ್ತಿರಲಿಲ್ಲ, ವೇಗ ಅರವತ್ತು ದಾಟುತ್ತಿರಲಿಲ್ಲ. ಮನೆ ಮುಟ್ಟಿದಾಗ ಇನ್ನೆಷ್ಟು ಕಿಲೋಮೀಟರ್ ಉಳಿದಿದೆ ಎಂದು ಹೆಂಡತಿ ಊಹಿಸಬೇಕು. ಸರಿಯಾದರೆ ಟೀ ನಾನು ಮಾಡುವುದು, ತಪ್ಪಾದರೆ ಅವಳು.

"ನಿಮ್ಮ ಜಿಪುಣತನಕ್ಕೆ ಕಾರೇ ಒಂದು ದಿನ ಕೈಮುಗಿಯುತ್ತೆ," ಎಂದು ನಗುತ್ತಿದ್ದಳು.

ಒಂದು ಬೆಳಗ್ಗೆ ಅವಳ ಭಾವನ ಫೋನ್ ಬಂತು. ತಾಯಿಯಿಲ್ಲದ ಇವಳನ್ನು ಸಾಕಿ ಬೆಳೆಸಿದ ಅಕ್ಕ ಆಸ್ಪತ್ರೆಯಲ್ಲಿದ್ದಳು. "ಬೇಗ ಬಾಮ್ಮ. ನಿನ್ನನ್ನೇ ಕೇಳ್ತಿದಾಳೆ."

ದಾರಿ ನೂರ ಎಂಬತ್ತು ಕಿಲೋಮೀಟರ್. ಕಾರು ತೋರಿಸುತ್ತಿದ್ದುದು ಇನ್ನೂರು. ಅಂದಾದರೂ ಪೂರ್ತಿ ಚಾರ್ಜ್ ಇದ್ದಿದ್ದರೆ ಈ ಲೆಕ್ಕವೇ ಬೇಕಿರಲಿಲ್ಲ.

ಗಾಜು ಇಳಿಸಿದರೆ ಗಾಳಿ ತಡೆದು ಚಾರ್ಜ್ ಹೆಚ್ಚು ಖರ್ಚಾಗುತ್ತದೆಂದು ಅದನ್ನೂ ಏರಿಸಿಯೇ ಇಟ್ಟೆ. ಬಿಸಿಲಿಗೆ ಅವಳ ರವಿಕೆ ಬೆನ್ನಿಗಂಟಿತ್ತು. ಲಾರಿಗಳು ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು.

"ಸ್ವಲ್ಪ ಜೋರಾಗಿ ಹೋಗಿ ರೀ."

"ಜೋರಾಗಿ ಹೋದ್ರೆ ಚಾರ್ಜ್ ಸಾಲಲ್ಲ. ನಡುವೆ ನಿಂತ್ರೆ ಮುಕ್ಕಾಲು ಗಂಟೆ ದಂಡ. ನನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?"

ಅವಳು ಮಡಿಲಲ್ಲಿದ್ದ ಫೋನನ್ನೇ ನೋಡುತ್ತಾ ಕುಳಿತಳು.

ಮೂರು ಗಂಟೆ ಹಿಡಿಯಿತು. ಆಸ್ಪತ್ರೆ ಬಾಗಿಲಲ್ಲಿ ಭಾವ ನಿಂತಿದ್ದರು. ಅವಳು ಇಳಿದು ಓಡಿದಳು.

"ಇಪ್ಪತ್ತು ನಿಮಿಷ ಆಯ್ತಮ್ಮ," ಎಂದರು ಅವರು. "ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ಲು."

ನಾನು ಸ್ಟೀರಿಂಗ್ ಹಿಡಿದುಕೊಂಡೇ ಕುಳಿತಿದ್ದೆ. ಎದುರಿಗೆ ಮೂವತ್ತೆಂಟು ಎಂಬ ಅಂಕಿ ಹೊಳೆಯುತ್ತಿತ್ತು; ನಿಧಾನಕ್ಕೆ ಬಂದು ಅಷ್ಟು ಕಿಲೋಮೀಟರ್ ಉಳಿಸಿದ್ದೆ. ಎಪ್ಪತ್ತೈದರಲ್ಲಿ ಬಂದಿದ್ದರೂ ಎಲ್ಲೂ ನಿಲ್ಲದೆ ಮುಟ್ಟುತ್ತಿದ್ದೆವು, ಅರ್ಧ ಗಂಟೆ ಮೊದಲೇ. ಕಳ್ಳನ ಹಾಗೆ ಕಾರು ಆಫ್ ಮಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಎಲ್ಲ ಮುಗಿದು ನಾವು ಹಿಂದಿರುಗಿದ್ದು ಐದನೇ ದಿನ. ನೂರಕ್ಕೆ ನೂರು ಚಾರ್ಜ್ ಮಾಡಿಸಿ, ಎ.ಸಿ. ಹಾಕಿ, ಎಂಬತ್ತರಲ್ಲಿ ಓಡಿಸಿದೆ. ಮನೆ ಮುಂದೆ ಕಾರು ನಿಂತಾಗ ಅವಳು ಮೆಲ್ಲಗೆ ಕೇಳಿದಳು.

"ಅವತ್ತು ಎಷ್ಟು ಉಳಿದಿತ್ತು ರೀ?"

"ಎರಡೋ ಮೂರೋ," ಎಂದೆ.

"ಮೂವತ್ತೆಂಟು," ಎಂದಳು. "ಇಳಿಯುವಾಗ ನೋಡಿದ್ದೆ."

ಬಾಗಿಲು ತೆಗೆದು ಒಳಗೆ ಹೋದಳು. ಸರಿಯಾಗಿ ಹೇಳಿದ್ದಳು, ಹಾಗಾಗಿ ಟೀ ನಾನೇ ಮಾಡಿದೆ. ಅವಳ ಮುಂದಿಟ್ಟ ಲೋಟ ಸಂಜೆಯವರೆಗೂ ಹಾಗೇ ಇತ್ತು, ಕೆನೆ ಕಟ್ಟಿಕೊಂಡು.