ಯಂಕಮ್ಮನ ಇನ್ನೊಂದು ಟ್ಯೂಬು

ಕುರುಗೋಡಿನ ಯಂಕಮ್ಮನ ಮನೆಯಲ್ಲಿ ಗಂಡ, ಮಗಳು, ಅತ್ತೆ ಎಲ್ಲರೂ ಡೆಂಗಿ ಬಂದು ಹಾಸಿಗೆ ಹಿಡಿದಿದ್ದರು. ಅವರ ಆರೈಕೆ ಮಾಡಿದ ಯಂಕಮ್ಮನಿಗೆ ಮಾತ್ರ ಮೈ ಬೆಚ್ಚಗೂ ಆಗಲಿಲ್ಲ. ಎಲ್ಲರೂ ಚೇತರಿಸಿಕೊಂಡ ಮೇಲೆ, ಬಳ್ಳಾರಿಯಲ್ಲಿ ವೈರಸ್‌ಗಳ ಸಂಶೋಧನೆ ಮಾಡುತ್ತಿದ್ದ ಸಿರುಗುಪ್ಪದ ನೇತ್ರಾ ಬಂದು ಮನೆಯವರೆಲ್ಲರ ರಕ್ತ ತೆಗೆದುಕೊಂಡು ಹೋದಳು. ಆಮೇಲೆ ಮತ್ತೆ ಬಂದು ಯಂಕಮ್ಮನ ರಕ್ತವನ್ನಷ್ಟೇ ಎರಡು ಟ್ಯೂಬು ತುಂಬಿ ಒಯ್ದಳು.

"ಜ್ವರ ಬಂದೋರನ್ನ ಬಿಟ್ಟು ನಿನ್ನ ಬೆನ್ನು ಯಾಕ ಹತ್ಯಾಳ ಆಕಿ?" ಎಂದ ಗಂಡ ಉಚ್ಚೆಂಗೆಪ್ಪ. "ಎಲ್ಲೋ ಮಾರಾಕ ಹತ್ಯಾರ ನೋಡು."

ಯಂಕಮ್ಮನಿಗೂ ಅದೇ ಗುಮಾನಿ. ಮರುದಿನವೇ ಬಸ್ಸು ಹತ್ತಿ ಬಳ್ಳಾರಿಯ ಪ್ರಯೋಗಾಲಯಕ್ಕೆ ಹೋದಳು.

"ನನ್ನ ರಕ್ತ ತೋರಸ್ರಿ."

ನೇತ್ರಾ ಗಾಬರಿಯಾದರೂ ಒಳಗೆ ಕರೆದಳು. "ವೈರಸ್ ನಿಮ್ಮ ಮೈಯಾಗೂ ಹೊಕ್ಕಿತ್ತು ಅಕ್ಕಾರ. ಆದ್ರ ಜ್ವರ ಬರದಂಗ ನಿಮ್ಮ ಮೈ ತಡದೈತಿ. ಹೆಂಗ ತಡೀತು ಅಂತ ಹುಡುಕಾಕ ಹತ್ತೀವಿ." ಫ್ರಿಜ್ಜಿನಿಂದ ಒಂದು ಟ್ಯೂಬು ತೆಗೆದು ತೋರಿಸಿದಳು.

"ಎರಡು ತುಂಬಿದ್ರಿ. ಇನ್ನೊಂದು ಎಲ್ಲೈತಿ?"

"ಹೈದರಾಬಾದಿನ ಲ್ಯಾಬಿಗೆ ಹೋಗೈತಿ. ನೀವು ಸಹಿ ಮಾಡಿದ ಕಾಗದದಾಗ..."

"ಅದು ಇಂಗ್ಲಿಷಿನ್ಯಾಗಿತ್ತು."

ನೇತ್ರಾಳ ಮುಖ ಕೆಂಪಾಯಿತು. ಅಲ್ಲೇ ನಿಂತು ಹೈದರಾಬಾದಿಗೆ ಫೋನು ಹಚ್ಚಿ ತೆಲುಗಿನಲ್ಲಿ ಮಾತಾಡಿದಳು. ಗಡಿಯಾಚೆಯ ಹೊಲಗಳಲ್ಲಿ ಹತ್ತಿ ಬಿಡಿಸಿ ಬಂದಿದ್ದ ಯಂಕಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಫೋನಿನ ಮಾತು ಹೊರಗೂ ಕೇಳುತ್ತಿತ್ತು; ಅವಳು ಕಿವಿಗೊಟ್ಟಳು. ಆಕೆಗೇನು ತಿಳಿಯುತ್ತದೆ, ಪರೀಕ್ಷೆ ಮುಗಿಸಿಬಿಡೋಣ ಎಂದಿತು ಆ ಕಡೆಯ ದನಿ. ಆಕೆ ಒಪ್ಪುವವರೆಗೆ ಮುಟ್ಟಬೇಡಿ ಎಂದಳು ನೇತ್ರಾ, ದನಿ ಏರಿಸಿ.

ಯಂಕಮ್ಮ ಎದ್ದಳು. "ಮನಿಗೆ ಬರ್ರಿ ಮೇಡಂ. ಎಲ್ಲಾರ ಮುಂದ ಕುಂತು ಕನ್ನಡದಾಗ ಹೇಳ್ರಿ."

ಭಾನುವಾರ ನೇತ್ರಾ ಬಂದಳು. "ಇದ್ರಿಂದ ನಮಗೇನು ಸಿಗತೈತಿ?" ಉಚ್ಚೆಂಗೆಪ್ಪ ನೇರವಾಗಿ ಕೇಳಿದ.

"ಈಗೇನೂ ಇಲ್ಲ. ಮುಂದ ಲಸಿಕೆ ಆಗತೈತೋ ಇಲ್ಲೋ, ನನಗೂ ಗೊತ್ತಿಲ್ಲ." ಮಗಳ ಕಡೆ ನೋಡುತ್ತ ಹೇಳಿದಳು, "ಆದ್ರ ಒಂದು ಮಾತು. ಡೆಂಗಿದಾಗ ನಾಕು ನಮೂನಿ ಅದಾವು. ಒಂದು ಬಂದು ಹೋದೋರಿಗೆ ಬ್ಯಾರೇದು ಬಂದ್ರ ಒಮ್ಮೊಮ್ಮೆ ಜೋರಾಗತೈತಿ. ಮಗಳಿಗಾಗಲಿ ನಿಮಗ್ಯಾರಿಗಾಗಲಿ ಮತ್ತ ಜ್ವರ ಬಂದ್ರ ತಡಾ ಮಾಡಬ್ಯಾಡ್ರಿ, ದವಾಖಾನಿಗೆ ಕರ್ಕೊಂಡು ಹೋಗ್ರಿ."

ಇದನ್ನು ಈವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ. ಯಂಕಮ್ಮ ನೇತ್ರಾಳ ಕಡೆ ತಿರುಗಿದಳು.

"ಹೈದರಾಬಾದಿಗೆ ಹೋದ ಟ್ಯೂಬು ಪರೀಕ್ಷೆ ಮಾಡ್ರಿ. ಅಲ್ಲಿಂದ ಮುಂದಕ್ಕ ಕಳಸೋದಿದ್ರ ನನ್ನ ಕೇಳಿ ಕಳಸ್ರಿ."

ಉಚ್ಚೆಂಗೆಪ್ಪ ಎದ್ದು ಹೊರಗೆ ಹೋದ. ಅವನಿಗಿನ್ನೂ ನಂಬಿಕೆ ಬಂದಿರಲಿಲ್ಲ. ಯಂಕಮ್ಮ ಚಹಾಕ್ಕೆ ನೀರಿಟ್ಟಳು.