ಮಡಚಿಟ್ಟ ತಲೆಗಳ ಭಾರ

ನಮ್ಮ ಚಿಕ್ಕಮ್ಮ ನಾಟಕದವರಿಗೆ ವಿಗ್ ಕಟ್ಟುವವಳು. ಯಾವ ನಟನ ತಲೆ ಎಷ್ಟಗಲ, ಯಾರಿಗೆ ಯಾವ ಅಂಟು ಹಚ್ಚಿದರೆ ತುರಿಕೆ, ಯಾರ ವಿಗ್ ಯಾವ ಪೆಟ್ಟಿಗೆಯಲ್ಲಿ, ಎಲ್ಲವೂ ಅವಳು ಲ್ಯಾಪ್‌ಟಾಪಿನಲ್ಲಿ ತಾನೇ ಬೆಳೆಸಿದ ಸ್ವಂತ ವಿಕಿಯಲ್ಲಿದೆ, ಅಂದರೆ ಬೇಕಾದಾಗ ತೆರೆದು ತಿದ್ದಬಹುದಾದ ಟಿಪ್ಪಣಿ ಪುಟಗಳಲ್ಲಿ. ಇಡೀ ತಂಡ ಒಂದೇ ಪುಟದಲ್ಲಿ. ನೋಡಲು ಮಾತ್ರ ಬಲು ಚೊಕ್ಕ: ಹೆಸರುಗಳಷ್ಟೇ ಕಾಣುತ್ತವೆ, ಪಕ್ಕದ ಬಾಣ ಒತ್ತಿದರೆ ಫೋಟೋ, ಅಳತೆ ಬಿಚ್ಚಿಕೊಳ್ಳುತ್ತವೆ. ಮಡಚಿಟ್ಟಿದ್ದು ಯಾರಿಗೆ ಭಾರ ಎಂಬುದು ಅವಳ ವೇದಾಂತ.

ಆ ಸಂಜೆ ರಾಜನ ಪಾತ್ರದವನಿಗೆ ಜ್ವರ. ಬದಲಿಗೆ ಬಂದವನ ತಲೆಯೋ, ಕುಂಬಳಕಾಯಿ. ಅವನಿಗೆಂದೇ ಹಿಂದೊಮ್ಮೆ ಕಟ್ಟಿದ ವಿಗ್ ಉಗ್ರಾಣದ ಪೆಟ್ಟಿಗೆಗಳ ರಾಶಿಯಲ್ಲಿ ಎಲ್ಲೋ ಇತ್ತು. ಚಿಕ್ಕಮ್ಮ ಪುಟ ತೆರೆದಳು. ಪುಟ ಬರುವ ತನಕ ಕಾಯಿಸುವ ಆ ಪುಟ್ಟ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಇವತ್ತು ವಿಗ್ ಸಿಗ್ಲಿಲ್ಲ ಅಂದ್ರೆ ಮುಂದಿನ ನಾಟಕಕ್ಕೆ ಬೇರೆಯವರನ್ನ ನೋಡ್ಕೋತೀನಿ," ಎಂದರು ಬಾಗಿಲಲ್ಲಿ ನಿಂತ ನಿರ್ದೇಶಕರು. ಚಿಕ್ಕಮ್ಮನ ಮುಖ ಬಿಳಚಿಕೊಂಡಿತು. ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪನ ಬಾಯಿಗೆ ಮಾತ್ರ ಬೀಗವಿಲ್ಲ. "ಆಫ್ ಮಾಡಿ ಮತ್ತೆ ಆನ್ ಮಾಡು. ಫ್ಯಾನ್ ಕೆಳಗಿಡು. ನಾನು ಆವತ್ತೇ ಹೇಳಿದ್ದೆ..."

ರಂಗದ ದೀಪಗಳ ಕೆಲಸ ನನ್ನದು. ಅದನ್ನು ಬಿಟ್ಟು ಓಡಿಬಂದೆ. "ಚಿಕ್ಕಮ್ಮ, ಮಡಚಿದ್ದು ನಿನ್ನ ಕಣ್ಣಿಗೆ ಮಾತ್ರ. ಕಂಪ್ಯೂಟರ್ ಪ್ರತಿ ಸಲ ಎಲ್ಲರ ಫೋಟೋನೂ ತಂದು ಜೋಡ್ಸಿ, ಆಮೇಲೆ ಮುಚ್ಚಿಡತ್ತೆ. ರಾಜನೊಬ್ಬನ್ನ ಕರೆದ್ರೆ ಊರಿಗೂರೇ ಮೇಕಪ್ ಮಾಡ್ಕೊಂಡು ಪರದೆ ಹಿಂದೆ ನಿಲ್ಲತ್ತೆ!"

"ಅಯ್ಯೋ, ಎಲ್ಲಾ ಅಳಿಸ್ಬಿಡ್ಲಾ?"

"ಏನೂ ಬೇಡ. ಬಾಣ ಒತ್ತಿದ್ಮೇಲೆ ತಂದ್ರೆ ಸಾಕು ಅಂತ ಅದಕ್ಕೆ ಹೇಳೋಣ."

ಪುಟವನ್ನು ತಿದ್ದುವ ಕಡೆಯಿಂದ ತೆರೆದೆ. ಅಲ್ಲಿ ಬರೀ ಅಕ್ಷರ, ಥಟ್ಟನೆ ಬಂತು. ಮಡಿಕೆಗಳ ಸೂಚನೆ ಬದಲಿಸಿ ಮತ್ತೆ ತೆರೆದರೆ ಚಕ್ರದ ಸುಳಿವೇ ಇಲ್ಲ. ಕುಂಬಳಕಾಯಿಯ ಹೆಸರಿನ ಪಕ್ಕದ ಬಾಣ ಒತ್ತಿದೆವು: ಉಗ್ರಾಣದ ಕಿಟಕಿ ಪಕ್ಕ, ಮೇಲಿನ ಸಾಲಿನ ಪೆಟ್ಟಿಗೆ. ವಿಗ್ ತಲೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು. ನಿರ್ದೇಶಕರು ಅದನ್ನೊಮ್ಮೆ ಎಳೆದು ನೋಡಿ, "ಮುಂದಿನ ನಾಟಕಕ್ಕೆ ಗಡ್ಡಗಳೂ ಬೇಕು," ಎಂದು ಹೊರಟರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಚಿಕ್ಕಮ್ಮ ಉಸಿರುಬಿಟ್ಟು ಗಂಡನ ಕಡೆ ಬೆರಳು ತೋರಿಸಿ ನನಗೆ ಹೇಳಿದಳು: "ಇವರಿಗೂ ಅದೇ ಸೂಚನೆ ಹಾಕಮ್ಮ. ಒತ್ತಿದ್ರೆ ಮಾತ್ರ ಬಾಯಿ ಬಿಡ್ಲಿ."

ಚಿಕ್ಕಪ್ಪ ಮುಖ ಊದಿಸಿಕೊಂಡು ಸುಮ್ಮನೆ ಕೂತರು. ಮೊದಲ ಅಂಕ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ನಡುವೆ ಚಿಕ್ಕಮ್ಮನಿಗೇ ತಡೆಯಲಾಗಲಿಲ್ಲ. ಮೆಲ್ಲಗೆ ಕೈಚಾಚಿ ಅವರ ಮೊಣಕೈಯನ್ನು ಒಂದು ಬೆರಳಿನಿಂದ ಒತ್ತಿದಳು.

"ಅಲ್ವೇ..." ಎಂದು ಶುರು ಮಾಡಿದ ಚಿಕ್ಕಪ್ಪ, ಪರದೆ ಬೀಳುವವರೆಗೂ ನಿಲ್ಲಿಸಲಿಲ್ಲ.